ಮೋಟಾರು ಕಾರಿನ ತಯಾರಿಕೆಯಲ್ಲಿ ಘಟಕಗಳ ಹೊಂದಾಣಿಕೆ

(ಗುಲ್ವಾಡಿಯ ಒಬ್ಬ ವಿದ್ಯಾರ್ಥಿ, ಅಂತಿಮ ಬಿ. ಎ.)

ಅರ್ಥಶಾಸ್ತ್ರವನ್ನು ಓದತೊಡಗಿದವರಿಗೆಲ್ಲ ಆಡಂ ಸ್ಮಿತ್ತನ ಗುಂಡುಸೂಜಿಯ ಪರಿಚಯ ಮೊದಲ ವರ್ಷದಲ್ಲಿಯೇ ಆಗಿಬಿಡುತ್ತದೆ. 1776ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆತನು, ಹತ್ತು ಜನರು ಕೆಲಸವನ್ನು ಹಂಚಿಕೊಂಡು ದುಡಿದರೆ ದಿನವೊಂದಕ್ಕೆ 48,000 ಸೂಜಿಗಳನ್ನು ಮಾಡಬಲ್ಲರೆಂದೂ, ಹಂಚಿಕೊಳ್ಳದೆ ಒಬ್ಬೊಬ್ಬನೇ ಮೊದಲಿನಿಂದ ಕೊನೆಯವರೆಗೆ ಮಾಡಹೊರಟರೆ ಇಪ್ಪತ್ತು ಸೂಜಿಗಳಾಗುವುದೂ ಕಷ್ಟವೆಂದೂ ಲೆಕ್ಕ ಹಾಕಿ ತೋರಿಸಿದನು. ಶ್ರಮವಿಭಜನೆಯ ಲಾಭಗಳನ್ನು ನಾವು ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಪಡೆಯುತ್ತೇವೆ. ಆದರೆ ಹೀಗೆ ಹಂಚಿದ ಕೆಲಸವನ್ನು ಮರಳಿ ಒಂದುಗೂಡಿಸುವವರು ಯಾರು, ಹಾಗೆ ಒಂದುಗೂಡಿಸಲು ತಗಲುವ ವೆಚ್ಚವೆಷ್ಟು, ಆ ವೆಚ್ಚವನ್ನು ಹೊರುವವರು ಯಾರು ಎಂಬ ಪ್ರಶ್ನೆಗಳಿಗೆ ನಮ್ಮ ಪಠ್ಯಪುಸ್ತಕ ಅರ್ಧ ಪುಟವನ್ನೂ ಮೀಸಲಿಟ್ಟಂತೆ ಕಾಣುವುದಿಲ್ಲ. ಸ್ಮಿತ್ತನ ಹತ್ತು ಜನರು ಒಂದೇ ಸೂರಿನಡಿ ಕುಳಿತಿದ್ದರು. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ತಂತಿ ದಾಟುತ್ತಿತ್ತು. ಇಂದಿನ ಒಂದು ಮೋಟಾರು ಕಾರಿನಲ್ಲಿಯಾದರೋ ತಿರುಪುಮೊಳೆಯಿಂದ ಹಿಡಿದು ಎಣಿಸಿದರೆ ಸುಮಾರು 30,000 ಬಿಡಿಭಾಗಗಳಿವೆ. ಅವು ನೂರಾರು ಕಾರ್ಖಾನೆಗಳಲ್ಲಿ, ಕೆಲವು ಸಮುದ್ರದಾಚೆಯ ದೇಶಗಳಲ್ಲಿ ತಯಾರಾಗಿ, ಒಂದು ಗೊತ್ತಾದ ದಿನ, ಗೊತ್ತಾದ ಗಳಿಗೆಯಲ್ಲಿ ಒಂದೆಡೆ ಕೂಡಬೇಕು. ಈ ಕೂಡುವಿಕೆಯನ್ನು ಕುರಿತು ಕಿಂಚಿತ್ ವಿವೇಚಿಸುವುದೇ ಈ ಲೇಖನದ ಉದ್ದೇಶ.

ಕುಂದಾಪುರದ ಕಡೆಯಲ್ಲಿ ಮೋಟಾರು ಕಾರಿನ ಕಾರ್ಖಾನೆ ಇಲ್ಲ. ಆದರೂ ಈ ವಿಷಯದ ಮೊದಲ ಪಾಠಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ, ತಲೆಯೆತ್ತಿ ಮನೆಯ ಮಾಡನ್ನು ನೋಡಿದರೆ ಸಾಕು. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್‌ಸ್ಟ್ ಎಂಬವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಅದಕ್ಕೆ ಮೊದಲು ಇದ್ದ ನಾಡಹಂಚು ಒಂದರ ಮೇಲೊಂದು ಸುಮ್ಮನೆ ಕವುಚಿದಂತೆ ಇರುತ್ತಿತ್ತು. ಮಂಗ ಓಡಾಡಿದರೆ, ಗಾಳಿ ಬೀಸಿದರೆ ಜಾರುತ್ತಿತ್ತು. ಪ್ರತಿವರ್ಷವೂ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಲೇಬೇಕಾಗಿತ್ತು. ಮಂಗಳೂರು ಹಂಚಿಗೆ ಅಂಚಿನಲ್ಲಿ ಏಣು ಮತ್ತು ಗಾಡಿ ಇವೆ. ಒಂದರ ಏಣು ಇನ್ನೊಂದರ ಗಾಡಿಯಲ್ಲಿ ಕೂರುತ್ತದೆ, ಕೆಳಗಿನ ಮೂಗು ರೀಪನ್ನು ಕಚ್ಚಿಕೊಳ್ಳುತ್ತದೆ. ಹಂಚು ಮಾಡಿದವನಿಗೆ ಮನೆಯ ಯಜಮಾನನ ಪರಿಚಯ ಬೇಡ. ರೀಪು ಹೊಡೆದ ಆಚಾರಿಗೆ ಹಂಚಿನ ಭಟ್ಟಿಯನ್ನು ನೋಡಿದ ಅನುಭವ ಬೇಡ. ಇಬ್ಬರೂ ಒಂದೇ ಅಳತೆಯನ್ನು ಒಪ್ಪಿಕೊಂಡಿದ್ದರೆ ಮುಗಿಯಿತು. ಮುಂದೆ ಭಾರತೀಯ ಮಾನಕ ಸಂಸ್ಥೆಯವರು ಈ ಮಾದರಿಯ ಹಂಚಿಗೆಂದೇ 654ನೆಯ ಸಂಖ್ಯೆಯ ಮಾನಕವನ್ನು ಗೊತ್ತುಪಡಿಸಿದರು.

ಹೀಗೆ ಎರಡು ವಸ್ತುಗಳು ಕೂಡುವ ಸ್ಥಳಕ್ಕೆ ಒಂದು ಹೆಸರು ಬೇಕು. ನಮ್ಮ ಕನ್ನಡ ತರಗತಿಯಿಂದ ಸಾಲ ತಂದು ಅದನ್ನು ‘ಸಂಧಿ’ ಎಂದು ಕರೆಯುತ್ತೇನೆ. ವ್ಯಾಕರಣದ ಸಂಧಿಯಲ್ಲಿ ಲೋಪ, ಆಗಮ, ಆದೇಶಗಳಿಗೆ ಅವಕಾಶವುಂಟು. ಯಂತ್ರದ ಸಂಧಿಯಲ್ಲಿ ಈ ಮೂರೂ ಅಪರಾಧಗಳು! ಆದರೂ ಕೂದಲೆಳೆಯಷ್ಟು ಹೆಚ್ಚುಕಡಮೆಗೆ ಎಡೆಯಿಲ್ಲದೆ ಯಾವ ವಸ್ತುವನ್ನೂ ಮಾಡಲಾಗದು. ಮಣ್ಣು ಸುಟ್ಟಾಗ ಕುಗ್ಗುತ್ತದೆ, ಒಂದು ಭಟ್ಟಿಯಲ್ಲಿ ಕುಗ್ಗಿದಷ್ಟೇ ಇನ್ನೊಂದರಲ್ಲಿ ಕುಗ್ಗುವುದಿಲ್ಲ. ಆದುದರಿಂದಲೇ ಎರಡು ಕಾರ್ಖಾನೆಗಳ ಹಂಚನ್ನು ಬೆರೆಸಿ ಹೊದಿಸುವುದೆಂದರೆ ಅನುಭವಿಗಳಾದ ಕೆಲಸಗಾರರು ಮುಖ ಸಿಂಡರಿಸುತ್ತಾರೆ. ಒಂದು ಹಂಚಿನಲ್ಲಿ ಅರ್ಧ ನೂಲಿನ ವ್ಯತ್ಯಾಸವಾದರೆ ಕಣ್ಣಿಗೆ ಕಾಣದು. ಸಾಲಿನ ನಾಲ್ವತ್ತನೆಯ ಹಂಚಿಗೆ ಬರುವಷ್ಟರಲ್ಲಿ ಅದು ಮೂಗು ರೀಪಿಗೆ ಸಿಗದಷ್ಟು ಬೆಳೆದಿರುತ್ತದೆ. ಸಣ್ಣ ತಪ್ಪು ಹುಟ್ಟಿದ ಕಡೆ ಕಾಣದೆ, ದೂರದಲ್ಲೆಲ್ಲೋ ಕಾಣುವುದು ಬಿಡಿಭಾಗಗಳ ಉದ್ಯಮಕ್ಕೆಲ್ಲ ಸಾಮಾನ್ಯವಾದ ರೋಗ.

ಕೆಲಸವನ್ನು ಭಾಗಗಳಾಗಿ ವಿಂಗಡಿಸಿ, ಭಾಗಗಳನ್ನು ಮೊದಲು ಕೂಡಿಸಿಕೊಂಡು, ಆಮೇಲೆ ಅವುಗಳಿಂದ ಇಡಿಯನ್ನು ಕಟ್ಟುವುದು ಏಕೆ ಲಾಭದಾಯಕ? ಇದಕ್ಕೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು 1978ರಲ್ಲಿ ಪಡೆದ ಹರ್ಬರ್ಟ್ ಸೈಮನ್ನರು 1962ರ ಪ್ರಬಂಧವೊಂದರಲ್ಲಿ ಸೊಗಸಾದ ಕಥೆಯೊಂದನ್ನು ಹೇಳಿದ್ದಾರೆ. ಹೋರಾ, ಟೆಂಪಸ್ ಎಂಬ ಇಬ್ಬರು ಗಡಿಯಾರ ತಯಾರಕರು. ಇಬ್ಬರ ಗಡಿಯಾರಕ್ಕೂ ಸಾವಿರ ಬಿಡಿಭಾಗಗಳು. ಟೆಂಪಸ್ ಸಾವಿರವನ್ನೂ ಒಂದಾದ ಮೇಲೊಂದರಂತೆ ಜೋಡಿಸುತ್ತ ಹೋಗುತ್ತಾನೆ. ನಡುವೆ ಗಿರಾಕಿಯ ದೂರವಾಣಿ ಬಂದು ಆತ ಕೈಬಿಟ್ಟನೆಂದರೆ ಜೋಡಿಸಿದ್ದೆಲ್ಲ ಕಳಚಿ ಬೀಳುತ್ತದೆ. ಹೋರಾ ಹತ್ತು ಹತ್ತು ಭಾಗಗಳ ಪುಟ್ಟ ಜೋಡಣೆಗಳನ್ನು ಮಾಡಿಟ್ಟು, ಅಂತಹ ಹತ್ತರಿಂದ ದೊಡ್ಡದೊಂದನ್ನು, ಆ ದೊಡ್ಡವು ಹತ್ತರಿಂದ ಗಡಿಯಾರವನ್ನು ಕಟ್ಟುತ್ತಾನೆ. ಕರೆ ಬಂದರೆ ಕೈಯಲ್ಲಿದ್ದ ಒಂದು ಪುಟ್ಟ ಜೋಡಣೆ ಮಾತ್ರ ಕೆಡುತ್ತದೆ. ಒಂದು ಭಾಗವನ್ನು ಜೋಡಿಸುವಷ್ಟರಲ್ಲಿ ಅಡಚಣೆ ಬರುವ ಸಂಭವ ನೂರರಲ್ಲಿ ಒಂದು ಎಂದಿಟ್ಟುಕೊಂಡರೂ, ಒಂದು ಗಡಿಯಾರಕ್ಕೆ ಟೆಂಪಸ್ಸನಿಗೆ ಹೋರಾನಿಗಿಂತ ಸುಮಾರು ನಾಲ್ಕು ಸಾವಿರ ಪಾಲು ಹೆಚ್ಚು ಕಾಲ ಬೇಕೆಂದು ಸೈಮನ್ನರು ಲೆಕ್ಕ ತೋರಿಸುತ್ತಾರೆ. ಗಣಿತದಲ್ಲಿ ಆಸಕ್ತಿಯುಳ್ಳ ಮಿತ್ರರು ಇದನ್ನು ತಾವೇ ಮಾಡಿ ನೋಡಬಹುದು, 0.99ನ್ನು ಸಾವಿರ ಸಲ ಗುಣಿಸಿದರೆ ಏನು ಉಳಿಯುವುದೆಂದು ನೋಡಿದೊಡನೆ ಟೆಂಪಸ್ಸನ ಅಂಗಡಿ ಏಕೆ ಮುಚ್ಚಿತೆಂಬುದು ತಿಳಿಯುತ್ತದೆ.

ಹೋರಾನ ಈ ಪುಟ್ಟ ಜೋಡಣೆಗಳನ್ನೇ ಕಾರು ಉದ್ಯಮದವರು ‘ಮಾಡ್ಯೂಲು’ ಎನ್ನುತ್ತಾರೆ. ಚಾಲಕನ ಮುಂದಿನ ಫಲಕವೆಲ್ಲ ಸೇರಿ ಒಂದು ಮಾಡ್ಯೂಲು, ಆಸನಗಳು ಒಂದು, ಬಾಗಿಲು, ಅದರ ಗಾಜು, ಬೀಗ, ತಂತಿಗಳೆಲ್ಲ ಕೂಡಿ ಇನ್ನೊಂದು. ಇವು ಬೇರೆ ಕಡೆ ಸಿದ್ಧವಾಗಿ ಬಂದು ಮುಖ್ಯ ಸರಪಳಿಯಲ್ಲಿ ಸೇರಿಕೊಳ್ಳುತ್ತವೆ. ಹೆನ್ರಿ ಫೋರ್ಡನು 1913ರಲ್ಲಿ ಚಲಿಸುವ ಜೋಡಣೆಯ ಸರಪಳಿಯನ್ನು ಹೂಡಿದ ಮೇಲೆ, ಉಕ್ಕು ಗಾಜುಗಳನ್ನೂ ತನ್ನ ಆವರಣದಲ್ಲಿಯೇ ಮಾಡಿಕೊಳ್ಳುವತ್ತ ಹೊರಟಿದ್ದನು. ಮಾಡ್ಯೂಲಿನ ದಾರಿ ಅದಕ್ಕೆ ತೀರ ವಿರುದ್ಧವಾದುದು. ಇದರ ತುದಿಯನ್ನು ಮುಟ್ಟಿದ ಪ್ರಯೋಗಗಳೆರಡುಂಟು. ಬ್ರೆಜಿಲ್ ದೇಶದ ರೆಸೆಂಡೆಯಲ್ಲಿ 1996ರಲ್ಲಿ ವೋಕ್ಸ್‌ವ್ಯಾಗನ್ ಕಂಪನಿಯು ತೆರೆದ ಲಾರಿ ಕಾರ್ಖಾನೆಯಲ್ಲಿ ಏಳು ಪಾಲುದಾರ ಸಂಸ್ಥೆಗಳು ಒಂದೇ ಕಟ್ಟಡದೊಳಗೆ ನಿಂತು ತಮ್ಮ ತಮ್ಮ ಮಾಡ್ಯೂಲನ್ನು ತಾವೇ ಲಾರಿಗೆ ಜೋಡಿಸಿದುವು. ವಿನ್ಯಾಸ, ಗುಣಪರೀಕ್ಷೆ, ಮಾರಾಟಗಳಷ್ಟೇ ಯಜಮಾನ ಕಂಪನಿಯ ಪಾಲಿಗೆ ಉಳಿದುವು. ಮರುವರ್ಷ ಫ್ರಾನ್ಸಿನ ಹಂಬಾಕ್‌ನಲ್ಲಿ ಸ್ಮಾರ್ಟ್ ಎಂಬ ಪುಟ್ಟ ಕಾರಿಗಾಗಿ ಕಟ್ಟಿದ ಕಾರ್ಖಾನೆಯ ನಡುಮನೆಯೇ ಕೂಡುಚಿಹ್ನೆಯ ಆಕಾರದ್ದಾಗಿದ್ದು, ಸರಬರಾಜುದಾರರ ಕಟ್ಟಡಗಳು ಸುತ್ತಲೂ ಅಂಟಿಕೊಂಡಿದ್ದುವು.

ನಮ್ಮ ರಾಜ್ಯದಲ್ಲಿ ಈ ಬಗೆಯ ಹೊಂದಾಣಿಕೆಯನ್ನು ಅಭ್ಯಸಿಸಲು ತಕ್ಕ ಸ್ಥಳವೆಂದರೆ ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿ. ಜಪಾನಿನ ಟೊಯೋಟಾ ಮತ್ತು ಕಿರ್ಲೋಸ್ಕರ್ ಸಮೂಹ 1997ರಲ್ಲಿ ಕೂಡಿ ಸ್ಥಾಪಿಸಿದ ಕಂಪನಿಯು ಅಲ್ಲಿ 1999ರ ಡಿಸೆಂಬರಿನಲ್ಲಿ ಕ್ವಾಲಿಸ್ ವಾಹನದ ತಯಾರಿಕೆಯನ್ನು ಆರಂಭಿಸಿತು. 2010ರ ಡಿಸೆಂಬರಿನಲ್ಲಿ ಎರಡನೆಯ ಕಾರ್ಖಾನೆಯೂ ಕೆಲಸಕ್ಕೆ ತೊಡಗಿತು. ಇವರಿಬ್ಬರ ಸಂಬಂಧ ಮೊದಲಾದುದು ಕಾರಿನಿಂದಲ್ಲ. 1995ರಲ್ಲಿ ಜವಳಿಯಂತ್ರಗಳ ತಯಾರಿಕೆಗಾಗಿ ಇವರು ಕೈಜೋಡಿಸಿದ್ದರು. ಟೊಯೋಟಾ ಮನೆತನದ ಮೂಲವೂ ಮಗ್ಗವೇ ಎಂಬುದನ್ನು ನೆನೆದರೆ ಇದು ಸಹಜವೆನಿಸುತ್ತದೆ. ಸಾಕಿಚಿ ಟೊಯೋಡಾ ಎಂಬವರ ಮಗ್ಗವು ನೂಲು ಹರಿದೊಡನೆ ತಾನಾಗಿ ನಿಲ್ಲುತ್ತಿತ್ತು. ತಪ್ಪಾದೊಡನೆ ನಿಲ್ಲಬೇಕೆಂಬ ಆ ನಿಯಮವೇ ಮುಂದೆ ಕಾರಿನ ಕಾರ್ಖಾನೆಗೂ ಬಂತು.

ಬಿಡದಿಯ ಸುತ್ತಮುತ್ತ ಸರಬರಾಜು ಘಟಕಗಳು ನೆಲೆಸಿವೆ. ಆಸನಗಳನ್ನು ಮಾಡುವ ಟೊಯೋಟಾ ಬೊಶೊಕು ಸಂಸ್ಥೆಯ ಘಟಕವೂ ಅಲ್ಲಿಯೇ ಇದೆ. ಇಷ್ಟು ಘಟಕಗಳು ಪರಸ್ಪರ ಹೊಂದಿಕೊಂಡು ನಡೆಯುವುದು ಹೇಗೆ? ಸಂಧಿಯ ಅಳತೆ ನಕಾಶೆಯಲ್ಲಿ ಗೊತ್ತಾಗಿರುತ್ತದೆ, ಆದುದರಿಂದ ಅದು ಸುಲಭದ ಭಾಗ. ಕಷ್ಟವೆಲ್ಲ ಕಾಲದ ಸಂಧಿಯಲ್ಲಿದೆ. ಇದನ್ನು ಸಾಧಿಸುವ ಮೊದಲ ಉಪಾಯಕ್ಕೆ ‘ಟಾಕ್ಟ್’ ಎಂದು ಹೆಸರು. ಜರ್ಮನ್ ಭಾಷೆಯ ಈ ಶಬ್ದಕ್ಕೆ ಸಂಗೀತದ ತಾಳವೆಂದೇ ಅರ್ಥ. ಪಾಳಿಯೊಂದರಲ್ಲಿ 450 ನಿಮಿಷ ಕೆಲಸವಿದ್ದು, 225 ಕಾರುಗಳಿಗೆ ಬೇಡಿಕೆಯಿದ್ದರೆ ಪ್ರತಿ ಎರಡು ನಿಮಿಷಕ್ಕೆ ಒಂದು ಕಾರು ಹೊರಬರಬೇಕು. ಆಗ ಚಕ್ರ ಕೂರಿಸುವವನಿಗೂ, ಬಣ್ಣ ಬಳಿಯುವವನಿಗೂ, ಹೆದ್ದಾರಿಯಾಚೆ ಆಸನ ಹೊಲಿಯುವವನಿಗೂ ಎರಡು ನಿಮಿಷವೇ ತಾಳವಾಗುತ್ತದೆ.

ನಮ್ಮ ಕಡೆಯವರಿಗೆ ಇದು ಹೊಸತಲ್ಲ. ಬಡಗುತಿಟ್ಟಿನ ಆಟಕ್ಕೆ ಬೇರೆ ಮೇಳದ ಕಲಾವಿದರೊಬ್ಬರನ್ನು ಅತಿಥಿಗಳಾಗಿ ಕರೆಸುತ್ತಾರೆ. ಅವರು ರಾತ್ರಿ ಚೌಕಿಗೆ ಬಂದು, ಬಣ್ಣ ಹಚ್ಚಿ, ಒಂದು ದಿನದ ಅಭ್ಯಾಸವೂ ಇಲ್ಲದೆ ರಂಗಕ್ಕೆ ಇಳಿಯುತ್ತಾರೆ. ಪ್ರಸಂಗ ಗೊತ್ತು, ಪದ್ಯದ ತಾಳ ಗೊತ್ತು. ಭಾಗವತರು ಪದ್ಯವೆತ್ತಿದೊಡನೆ ಮದ್ದಳೆಗೂ ಹೆಜ್ಜೆಗೂ ತಮ್ಮ ತಮ್ಮ ಜಾಗ ಗೊತ್ತು. ಆದರೆ ಭಾಗವತರು ಎದುರಿನವರ ಆಯಾಸವನ್ನು ಕಂಡು ಕಾಲವನ್ನು ತಗ್ಗಿಸಬಲ್ಲರು. ಕಾರ್ಖಾನೆಯ ತಾಳಕ್ಕೆ ಆ ಕಣ್ಣಿಲ್ಲ. ಈ ವ್ಯತ್ಯಾಸವನ್ನು ಮುಂದೆ ನೋಡಲಿದ್ದೇವೆ.

ಎರಡನೆಯ ಉಪಾಯ ‘ಕಾನ್‌ಬಾನ್’. ಇದನ್ನು ರೂಢಿಗೆ ತಂದವರು ಟೊಯೋಟಾದ ತಾಯಿಚಿ ಓನೊ. ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಗಿರಾಕಿ ಎತ್ತಿಕೊಂಡಷ್ಟನ್ನೇ ಅಂಗಡಿಯವನು ಮರಳಿ ತುಂಬುವ ಪದ್ಧತಿ ಅವರಿಗೆ ಸ್ಫೂರ್ತಿಯಾಯಿತಂತೆ. ಬಿಡಿಭಾಗಗಳ ಪ್ರತಿಯೊಂದು ಪೆಟ್ಟಿಗೆಯ ಸಂಗಡ ಒಂದು ಚೀಟಿಯಿರುತ್ತದೆ. ಪೆಟ್ಟಿಗೆ ಬಳಕೆಗೆ ಬಂದಾಗ ಚೀಟಿ ಹಿಂದಕ್ಕೆ, ಸರಬರಾಜು ಮಾಡುವವನಲ್ಲಿಗೆ ಹೋಗುತ್ತದೆ. ಚೀಟಿ ಬಂದಷ್ಟೇ ಮಾಡಬೇಕು, ಚೀಟಿ ಬಾರದೆ ಮಾಡಕೂಡದು. ಈಗ ಕಾಗದದ ಬದಲು ಗಣಕಯಂತ್ರದ ಸಂದೇಶ ಹೋಗುವುದೂ ಉಂಟು, ತತ್ತ್ವ ಮಾತ್ರ ಅದೇ. ಮೇಲಿನ ಅಧಿಕಾರಿಯ ಅಂದಾಜಿನಂತೆ ವಸ್ತುಗಳು ಮುಂದಕ್ಕೆ ನೂಕಲ್ಪಡುವುದಿಲ್ಲ, ಮುಂದಿನವನ ಅಗತ್ಯವೇ ಅವನ್ನು ಎಳೆದುಕೊಳ್ಳುತ್ತದೆ. ಆಸನದಂತಹ ದೊಡ್ಡ ಮಾಡ್ಯೂಲಿಗೆ ಇದೂ ಸಾಲದು. ಕೆಂಪು ಕಾರಿನ ಹಿಂದೆ ಬಿಳಿ ಕಾರು, ಅದರ ಹಿಂದೆ ಬೇರೆ ಬಗೆಯ ಆಸನವುಳ್ಳ ಮತ್ತೊಂದು ಹೀಗೆ ಸರಪಳಿಯಲ್ಲಿ ಸಾಲು ಇರುತ್ತದೆ. ಬಣ್ಣವಾದ ಹೊರಮೈ ಜೋಡಣೆಯ ಸರಪಳಿಗೆ ಏರಿದಾಗ ಆ ಸಾಲಿನ ವಿವರ ಆಸನದ ಘಟಕಕ್ಕೆ ತಲುಪುತ್ತದೆ. ಅವರು ಅದೇ ಕ್ರಮದಲ್ಲಿ ಲಾರಿಗೆ ತುಂಬಿ, ಕೆಲವೇ ಗಂಟೆಗಳಲ್ಲಿ ಒಪ್ಪಿಸಬೇಕು. ಒಂದು ಆಸನ ಸಾಲು ತಪ್ಪಿದರೆ ಅದರ ಹಿಂದಿನವೆಲ್ಲ ಬೇರೆಯವರ ಕಾರಿಗೆ ಹೋಗಿ ಕುಳಿತುಕೊಂಡಾವು!

ಹೊಂದಾಣಿಕೆ ಬಿಡದಿಯ ಬೇಲಿಯೊಳಗೇ ಮುಗಿಯುವುದಿಲ್ಲ. 2004ರಲ್ಲಿ ಟೊಯೋಟಾ ಕಂಪನಿಯು ಅನೇಕ ದೇಶಗಳಲ್ಲಿ ಒಂದೇ ಚೌಕಟ್ಟಿನ ಮೇಲೆ ವಾಹನಗಳನ್ನು ಮಾಡುವ ಯೋಜನೆಯನ್ನು ಕೈಗೊಂಡಿತು. ಡೀಸೆಲ್ ಎಂಜಿನು ಥಾಯ್ಲೆಂಡಿನಿಂದ, ಪೆಟ್ರೋಲ್ ಎಂಜಿನು ಇಂಡೊನೇಷ್ಯಾದಿಂದ, ಕೈಯಿಂದ ಬದಲಿಸುವ ಗೇರಿನ ಪೆಟ್ಟಿಗೆ ಫಿಲಿಪ್ಪೀನ್ಸ್ ಮತ್ತು ಭಾರತದಿಂದ ಎಂದು ಕೆಲಸ ಹಂಚಿಕೆಯಾಯಿತು. ಭಾರತದ ಪಾಲಿನ ಗೇರಿನ ಪೆಟ್ಟಿಗೆಗಳು ತಯಾರಾದುದು ಬಿಡದಿಯಲ್ಲಿಯೇ, 2002ರಲ್ಲಿ ಸ್ಥಾಪಿತವಾದ ಸೋದರ ಕಂಪನಿಯಲ್ಲಿ. 2005ರಲ್ಲಿ ಕ್ವಾಲಿಸ್ಸಿನ ಜಾಗಕ್ಕೆ ಬಂದ ಇನ್ನೋವಾ ಇದೇ ಯೋಜನೆಯ ಕೂಸು. ಎರಡು ನಿಮಿಷದ ತಾಳಕ್ಕೆ ಹಡಗು ಹೊಂದಿಕೊಳ್ಳಲಾರದಷ್ಟೆ. ಆದುದರಿಂದ ದೂರದಿಂದ ಬರುವ ಭಾಗಗಳಿಗೆ ವಾರಗಳ ದಾಸ್ತಾನು ಬೇಕೇ ಬೇಕು. ‘ದಾಸ್ತಾನಿಲ್ಲದ ತಯಾರಿಕೆ’ ಎಂದು ಪುಸ್ತಕಗಳು ಹೊಗಳುವಾಗ ಸಮುದ್ರದ ಮೇಲೆ ತೇಲುತ್ತಿರುವ ಪೆಟ್ಟಿಗೆಗಳನ್ನು ಯಾರೂ ಎಣಿಸಿದಂತಿಲ್ಲ.

ಇಲ್ಲಿಂದ ನನ್ನ ಮುಖ್ಯ ವಾದ ಆರಂಭವಾಗುತ್ತದೆ. ಒಂದು ಘಟಕದ ವಿಳಂಬ ಇನ್ನೊಂದಕ್ಕೆ ತಟ್ಟದಿರಬೇಕಾದರೆ ನಡುವೆ ಎಲ್ಲಾದರೂ ಸ್ವಲ್ಪ ಸಡಿಲ ಇರಬೇಕು. ಆ ಸಡಿಲ ದಾಸ್ತಾನಿನ ರೂಪದಲ್ಲಿರಬಹುದು, ಬಿಡುವಿನ ಯಂತ್ರದ ರೂಪದಲ್ಲಿರಬಹುದು, ಮನುಷ್ಯರ ಹೆಚ್ಚಿನ ದುಡಿಮೆಯ ರೂಪದಲ್ಲಿಯೂ ಇರಬಹುದು. ಒಂದೆಡೆಯಿಂದ ಅದನ್ನು ತೆಗೆದರೆ ಅದು ಮಾಯವಾಗದೆ ಇನ್ನೊಂದೆಡೆಗೆ ಸರಿಯುತ್ತದೆ. ಎಲ್ಲಿಗೆ ಸರಿಯಿತೆಂದು ಹುಡುಕುವುದು ಅರ್ಥಶಾಸ್ತ್ರದ ವಿದ್ಯಾರ್ಥಿಯ ಕೆಲಸ.

1997ರ ಫೆಬ್ರವರಿ 1ರ ಮುಂಜಾನೆ ಜಪಾನಿನ ಕಾರಿಯಾದಲ್ಲಿ ಐಸಿನ್ ಎಂಬ ಕಂಪನಿಯ ಕಾರ್ಖಾನೆಯೊಂದು ಬೆಂಕಿಗೆ ಆಹುತಿಯಾಯಿತು. ಅಲ್ಲಿ ತಯಾರಾಗುತ್ತಿದ್ದುದು ಬ್ರೇಕಿನ ಒತ್ತಡವನ್ನು ಹಂಚುವ ಅಂಗೈಯಗಲದ ಒಂದು ಕವಾಟ. ಟೊಯೋಟಾದ ಕಾರುಗಳಿಗೆ ಬೇಕಾದ ಆ ಕವಾಟಗಳು ಬಹುತೇಕ ಎಲ್ಲವೂ ಅಲ್ಲಿಂದಲೇ ಬರುತ್ತಿದ್ದುವು. ದಾಸ್ತಾನು ಇದ್ದುದು ಅತ್ಯಲ್ಪ. ಕೆಲವೇ ದಿನಗಳಲ್ಲಿ ಜಪಾನಿನ ಟೊಯೋಟಾ ಕಾರ್ಖಾನೆಗಳು ಬಹುಮಟ್ಟಿಗೆ ನಿಂತುಹೋದುವು. ಮುಂದೆ ನಡೆದುದು ಇನ್ನೂ ಆಶ್ಚರ್ಯಕರ. ಸುಮಾರು ಇನ್ನೂರು ಕಂಪನಿಗಳು ನಕಾಶೆಗಳನ್ನು ತರಿಸಿಕೊಂಡು, ತಮ್ಮ ಕೈಲಿದ್ದ ಯಂತ್ರಗಳಿಂದಲೇ ಆ ಕವಾಟವನ್ನೋ ಅದಕ್ಕೆ ಬೇಕಾದ ಸಲಕರಣೆಯನ್ನೋ ಮಾಡತೊಡಗಿದುವು. ಕಾರಿನ ಭಾಗವನ್ನೇ ಎಂದೂ ಮಾಡದಿದ್ದ ಬ್ರದರ್ ಎಂಬ ಹೊಲಿಗೆಯಂತ್ರದ ಕಂಪನಿಯೂ ಅವುಗಳಲ್ಲಿ ಒಂದು. ಬೆಲೆಯ ಮಾತನ್ನು ಯಾರೂ ಮೊದಲು ಎತ್ತಲಿಲ್ಲ. ಒಂದು ವಾರದ ಹೊತ್ತಿಗೆ ಕಾರ್ಖಾನೆಗಳು ಮತ್ತೆ ಬಹುಪಾಲು ನಡೆಯತೊಡಗಿದುವು. ಗೋದಾಮಿನಲ್ಲಿ ಇಲ್ಲದ ಸಡಿಲ ಇಲ್ಲಿ ಪರಸ್ಪರ ವಿಶ್ವಾಸದಲ್ಲಿ ಅಡಗಿತ್ತೆಂದು ತೋರುತ್ತದೆ.

ರೊನಾಲ್ಡ್ ಕೋಸ್ ಎಂಬ ಅರ್ಥಶಾಸ್ತ್ರಜ್ಞರು 1937ರಲ್ಲಿಯೇ, ಬೆಲೆಯೇ ಎಲ್ಲವನ್ನೂ ಹೊಂದಿಸುವುದಾದರೆ ಕಂಪನಿಗಳೆಂಬವು ಏಕಿರಬೇಕು ಎಂದು ಕೇಳಿದ್ದರು. ಪೇಟೆಯಲ್ಲಿ ಬೆಲೆ ಕೇಳಿ, ಚೌಕಾಸಿ ಮಾಡಿ, ಕರಾರು ಬರೆದುಕೊಳ್ಳುವುದಕ್ಕೂ ವೆಚ್ಚವಿದೆ. ಆ ವೆಚ್ಚ ಹೆಚ್ಚಾದೆಡೆ ಅಪ್ಪಣೆಯಿಂದ ಕೆಲಸ ನಡೆಸುವುದು ಅಗ್ಗ ಎಂಬುದು ಅವರ ಉತ್ತರ. ಮಾಡ್ಯೂಲಿನ ಕಾರ್ಖಾನೆ ಇವೆರಡರ ನಡುವೆ ನಿಂತಿದೆ. ಆಸನದ ಘಟಕ ಕಾಗದದ ಮೇಲೆ ಸ್ವತಂತ್ರ ಕಂಪನಿ, ಗಡಿಯಾರದ ಮುಂದೆ ಕಾರಿನ ಕಂಪನಿಯದೇ ಒಂದು ಕೋಣೆ. ಅಪ್ಪಣೆಯಂತಹ ಶಿಸ್ತು ಬೇಕು, ಆದರೆ ಅಪ್ಪಣೆ ಕೊಡುವವನ ಹೊಣೆ ಕರಾರಿನ ಅಂಚಿಗೇ ನಿಲ್ಲುತ್ತದೆ. ಮುಖ್ಯ ಸರಪಳಿಯ ಪಕ್ಕದಲ್ಲಿ ಒಂದು ಹಗ್ಗ ತೂಗಾಡುತ್ತಿರುತ್ತದೆ. ದೋಷ ಕಂಡ ಕೆಲಸಗಾರನು ಅದನ್ನು ಎಳೆಯಬಹುದು, ಪರಿಹಾರವಾಗದಿದ್ದರೆ ಸರಪಳಿ ನಿಲ್ಲುತ್ತದೆ. ಮಗ್ಗದ ನಿಯಮವೇ ಇದು, ನಿಜವಾಗಿಯೂ ಮೆಚ್ಚತಕ್ಕುದು. ಆದರೆ ಮೂರನೆಯ ಅಂತಸ್ತಿನ ಸರಬರಾಜುದಾರನ ತಗಡಿನ ಕೊಟ್ಟಿಗೆಯವರೆಗೆ ಆ ಹಗ್ಗ ಚಾಚಿಲ್ಲ. ‘ನನ್ನಿಂದ ಈ ತಾಳಕ್ಕೆ ಆಗದು’ ಎಂದು ಅಲ್ಲಿಂದ ಎಳೆದರೆ ಸರಪಳಿ ನಿಲ್ಲುವ ಬದಲು ಅವನ ಕರಾರೇ ನಿಂತೀತು.

ಮುಖ್ಯ ಕಾರ್ಖಾನೆಯೊಳಗೂ ತಾಳದ ಪ್ರಶ್ನೆ ಸುಲಭವಾಗಿ ತೀರುವಂತಹುದಲ್ಲ. ಬಿಡದಿಯಲ್ಲಿ 2020ರ ನವೆಂಬರಿನಲ್ಲಿ ಸಂಘದ ಪದಾಧಿಕಾರಿಯೊಬ್ಬರ ಅಮಾನತ್ತಿನಿಂದ ಹೊತ್ತಿಕೊಂಡ ವಿವಾದದಲ್ಲಿ, ಕೆಲಸದ ಹೊರೆ ಮಿತಿಮೀರಿದೆಯೆಂಬುದು ಕಾರ್ಮಿಕರ ದೂರಾಗಿತ್ತು. ಶಿಸ್ತಿನ ಉಲ್ಲಂಘನೆಯಾಗಿದೆ, ಆವರಣದೊಳಗಿನ ಧರಣಿ ಅಕ್ರಮ ಎಂಬುದು ಆಡಳಿತದವರ ನಿಲುವು. ಮುಷ್ಕರ, ಬೀಗಮುದ್ರೆ, ಸರಕಾರದ ಮಧ್ಯಪ್ರವೇಶ, ಮತ್ತೆ ಬೀಗಮುದ್ರೆ ಹೀಗೆ ಅದು 2021ರವರೆಗೂ ಎಳೆಯಿತು. ಯಾರದು ಸರಿಯೆಂದು ತೀರ್ಪು ಕೊಡಲು ನಾನು ಅರ್ಹನಲ್ಲ. ಎರಡು ನಿಮಿಷದ ತಾಳದಲ್ಲಿ ಹತ್ತು ಸೆಕೆಂಡು ಉಳಿಸುವುದೆಂದರೆ ಕಚೇರಿಯ ಕಾಗದದಲ್ಲಿ ನೂರಕ್ಕೆ ಎಂಟರಷ್ಟು ಲಾಭ, ಸರಪಳಿಯ ಪಕ್ಕದಲ್ಲಿ ನಿಂತವನಿಗೆ ಬೆವರೊರಸಿಕೊಳ್ಳುವ ಹೊತ್ತು ಎಂಬುದನ್ನು ಮಾತ್ರ ಹೇಳಬಲ್ಲೆ. ಸಂಧಿಯ ಒಂದು ಕಡೆ ಕೆಲಸ ನಿಂತಾಗ ಇನ್ನೊಂದು ಕಡೆಯ ಸರಬರಾಜು ಘಟಕಗಳಿಗೆ ಚೀಟಿ ಬರುವುದೂ ನಿಲ್ಲುತ್ತದೆ; ವಿವಾದದಲ್ಲಿ ಅವರ ಮಾತೇನೂ ಇಲ್ಲದಿದ್ದರೂ ಸಂಬಳ ಕೊಡುವ ದಿನ ಅವರಿಗೂ ಬರುತ್ತದೆ.

ಈ ವಿಷಯ ನಮಗೇಕೆ ಎಂದು ಕೆಲವು ಮಿತ್ರರು ಕೇಳಿಯಾರು. ನಮ್ಮ ಕಡೆಯಿಂದ ಘಟ್ಟ ಹತ್ತಿದವರು ಹಿಂದೆಲ್ಲ ಹೆಚ್ಚಾಗಿ ಸೇರುತ್ತಿದ್ದುದು ಹೋಟೆಲುಗಳಿಗೆ. ಈಗ ಪದವಿ ಮುಗಿಸಿದವರು ಬಿಡದಿ, ಜಿಗಣಿ, ನರಸಾಪುರಗಳ ಕಡೆಗೂ ಮುಖಮಾಡುತ್ತಾರೆ. ಕಲಾವಿಭಾಗದ ಪದವೀಧರನಿಗೆ ಅಲ್ಲಿ ಸಿಗಬಹುದಾದ ಕೆಲಸ ಬಹುಶಃ ಎಂಜಿನು ಬಿಚ್ಚುವುದಾಗಿರದು. ಯಾವ ಲಾರಿ ಎಲ್ಲಿದೆ, ಯಾವ ಪೆಟ್ಟಿಗೆ ಕಡಮೆಬಿದ್ದಿದೆ, ಯಾರ ಚೀಟಿಗೆ ಯಾರು ಉತ್ತರ ಕೊಟ್ಟಿಲ್ಲ ಎಂಬುದನ್ನು ನೋಡಿಕೊಳ್ಳುವ ಉಗ್ರಾಣದ, ಸರಬರಾಜಿನ, ಲೆಕ್ಕಪತ್ರದ ಕೆಲಸವೇ ಸಿಕ್ಕೀತು. ಅಂದರೆ ಸಂಧಿಯ ಕಾವಲೇ ಅವನ ಪಾಲಿಗೆ ಬರುತ್ತದೆ.

ಅಂತಹವನ ಮೇಜಿನ ಮೇಲೆ ಬರುವ ಕಾಗದಗಳಲ್ಲಿ ಹಣದ ಬಿಲ್ಲೂ ಒಂದು. ಮಾಲು ಗಂಟೆಯೊಳಗೆ ಬರಬೇಕೆಂಬ ಕಟ್ಟುನಿಟ್ಟು ಹಣದ ವಿಷಯದಲ್ಲಿ ಕಾಣುವುದು ಅಪರೂಪ. ತಿಂಗಳುಗಟ್ಟಲೆ ಬಿಲ್ಲು ಬಾಕಿಯಿಟ್ಟರೆ ಕೊಳ್ಳುವವನ ಬಂಡವಾಳಕ್ಕೆ ಸಣ್ಣ ಘಟಕವೇ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಯಿತು. ಗೋದಾಮಿನಿಂದ ತೆಗೆದ ಸಡಿಲ ಅವನ ಕೈಕಡದ ಪುಸ್ತಕಕ್ಕೆ ಬಂದು ಕೂತಿತು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮವು ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಸಲ್ಲಬೇಕಾದ ಹಣವನ್ನು, ಕರಾರು ಏನೇ ಇದ್ದರೂ, 45 ದಿನಗಳೊಳಗೆ ಸಲ್ಲಿಸಬೇಕೆನ್ನುತ್ತದೆ. ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರುಪಟ್ಟು ಚಕ್ರಬಡ್ಡಿ ತೆರಬೇಕು. ಹದಿನೇಳು ವರ್ಷ ಇದು ಬಹುಮಟ್ಟಿಗೆ ಕಾಗದದ ಮೇಲೆಯೇ ಇತ್ತೆಂದು ಹೇಳಬೇಕು. ಬಡ್ಡಿ ಕೇಳಿದ ಸರಬರಾಜುದಾರನಿಗೆ ಮುಂದಿನ ಚೀಟಿ ಬರುವುದೆಂಬ ಭರವಸೆ ಎಲ್ಲಿ? ಕೊನೆಗೆ 2023ರ ಹಣಕಾಸು ಅಧಿನಿಯಮವು ಬೇರೆ ದಾರಿ ಹಿಡಿಯಿತು. ಈ ಅವಧಿಯನ್ನು ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಳ್ಳುವ ಕಂಪನಿಯು ನಿಜವಾಗಿ ಪಾವತಿ ಮಾಡುವ ವರ್ಷದವರೆಗೆ ತನ್ನ ಖರ್ಚೆಂದು ಆದಾಯ ತೆರಿಗೆಯ ಲೆಕ್ಕದಲ್ಲಿ ತೋರಿಸುವಂತಿಲ್ಲವೆಂದು ಅದು ವಿಧಿಸಿತು. ಹೀಗಾಗಿ ಈಗ ಸಣ್ಣ ಘಟಕದವನು ಬಾಯಿಬಿಟ್ಟು ಕೇಳದಿದ್ದರೂ ಮಾರ್ಚ್ ತಿಂಗಳ ಕೊನೆಯಲ್ಲಿ ದೊಡ್ಡ ಕಂಪನಿಯ ಲೆಕ್ಕಿಗನೇ ಅವನ ಬಿಲ್ಲನ್ನು ಹುಡುಕಬೇಕಾಗುತ್ತದೆ. ಮಧ್ಯಮ ವರ್ಗದ ಘಟಕಗಳಿಗೆ ಈ ಅನುಕೂಲವನ್ನು ವಿಸ್ತರಿಸಿಲ್ಲ.